ಕಂಪನಿ ಜೊತೆ ಸೇರಿ ಮಾಡಿದ ಎಂಜಿನಿಯರಿಂಗ್ ಕೋರ್ಸ್‌ಗೆ ಮಗಳನ್ನ ಸೇರಿಸಬಹುದಾ?

ತಿಪಟೂರು ಅಮ್ಮ:

ಎಲ್ಲರಿಗೂ ನಮಸ್ಕಾರ. ಸಿಇಟಿ ಆಪ್ಷನ್ ಬದಲಾಯಿಸೋಕೆ ಇನ್ನು ಐದು ದಿನ ಇದೆ. ನಮ್ಮದು ತೆಂಗಿನ ತೋಟ. ಉಂಡೆ ಕೊಬ್ಬರಿ ಮಾಡಿ ಎಪಿಎಂಸಿಗೆ ಹಾಕ್ತೀವಿ. ನಾನು ಪಿಯುಸಿವರೆಗೆ ಓದಿದ್ದೀನಿ, ನಮ್ಮ ಯಜಮಾನರು ಹತ್ತನೇ ತರಗತಿ. ಎರಡೂ ಕಡೆಯ ನೆಂಟರಲ್ಲಿ ಎಂಜಿನಿಯರಿಂಗ್‌ಗೆ ಹೋಗ್ತಿರೋದು ನಮ್ಮ ಮಗಳೇ ಮೊದಲು. ಹಾಗಾಗಿ ಕೇಳೋಕೆ ಯಾರೂ ಇಲ್ಲ.

ಮಾಕ್ ಅಲಾಟ್‌ಮೆಂಟ್‌ನಲ್ಲಿ, ಅಂದ್ರೆ ನಿಜವಾದ ಸೀಟು ಹಂಚಿಕೆಗೆ ಮುಂಚಿನ ಅಣಕು ಪಟ್ಟಿಯಲ್ಲಿ, ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ತೋರಿಸಿದೆ. ಕೆಳಗಿರೋ ಆಪ್ಷನ್ ಮೇಲಕ್ಕೆ ಹಾಕಿದರೆ ಬೆಂಗಳೂರಿನ ಹೊರಗಿನ ಒಂದು ಖಾಸಗಿ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್, ಎಐ ಇರೋದು, ಸಿಗೋ ಹಾಗಿದೆ. ಅಲ್ಲಿ ಹೋಗಿ ಬಂದ್ವಿ. "ಇಂಡಸ್ಟ್ರಿ ಇಂಟಿಗ್ರೇಟೆಡ್ ಬ್ಯಾಚ್" ಅಂತ ಒಂದು ಮಾಡಿದ್ದಾರೆ. ದೊಡ್ಡ ಕಂಪನಿಯ ಹೆಸರು ಗೇಟಿನಿಂದ ಆಫೀಸಿನವರೆಗೂ ಹಾಕಿದ್ದಾರೆ. ಸಿಲಬಸ್ಸನ್ನ ಕಂಪನಿಯವರೇ ಕೂತು ಮಾಡಿದ್ದು, ಓದು ಮುಗಿಯೋ ಹೊತ್ತಿಗೆ ಕೆಲಸಕ್ಕೆ ರೆಡಿ ಇರ್ತಾಳೆ ಅಂದ್ರು. ಅದಕ್ಕೆ ಸರ್ಕಾರಿ ಕೋಟಾದ ಫೀಸ್ ಬಿಟ್ಟು ವರ್ಷಕ್ಕೆ 60 ಸಾವಿರ "ಸ್ಕಿಲ್ ಫೀ". ನಾಲ್ಕು ವರ್ಷಕ್ಕೆ 2 ಲಕ್ಷ 40 ಸಾವಿರ ಆಯ್ತು. ಹಾಸ್ಟೆಲ್ ಬೇರೆ.

ದುಡ್ಡು ಹೇಗೋ ಹೊಂದಿಸ್ತೀವಿ. ಕೊಬ್ಬರಿಗೆ ಈ ಸಲ ರೇಟು ಇದೆ. ಆದರೆ ನನಗೆ ಆ ಕೋರ್ಸು ನಿಜವಾಗ್ಲೂ ಬೇರೆ ಥರ ಇರುತ್ತಾ ಅನ್ನೋದೇ ತಿಳೀತಿಲ್ಲ. ಮಗಳಿಗೆ ಇಂಥದ್ದೇ ಬ್ರಾಂಚ್ ಅಂತ ಹಠ ಇಲ್ಲ. ತೋಟದ ಮೋಟರ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ವಿ, ಅದು ಕೆಟ್ಟಾಗ ಬಿಚ್ಚಿ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಬಿಡೋ ಸ್ವಿಚ್) ಸುಟ್ಟಿದೆ ಅಂತ ಕಂಡುಹಿಡಿದವಳು ಅವಳೇ. ದಯವಿಟ್ಟು ಗೊತ್ತಿರೋರು ಹೇಳಿ.

ಫೌಂಡ್ರಿ ಮೇಷ್ಟ್ರು, ಬೆಳಗಾವಿ:

ಅಕ್ಕಾರ, ನಾನು ಬೆಳಗಾವಿ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ 22 ವರ್ಷದಿಂದ ಮೆಕ್ಯಾನಿಕಲ್ ಪಾಠ ಮಾಡ್ತಿದ್ದೇನೆ. ಕಂಪನಿಯವರ ಜೊತೆ ಕೂತು ಕೋರ್ಸ್ ಮಾಡುವ ಕೆಲಸ ಎರಡು ಸಲ ಮಾಡಿದ್ದೇನೆ. ಒಂದು, ನನ್ನ ನೌಕರಿಯಲ್ಲೇ ಹೆಚ್ಚು ಸಮಾಧಾನ ಕೊಟ್ಟ ಕೆಲಸ. ಇನ್ನೊಂದಕ್ಕೆ ನಾನು ಸಹಿ ಹಾಕಬಾರದಿತ್ತು. ಎರಡನ್ನೂ ಹೇಳ್ತೇನೆ. ಉದ್ದ ಆಗ್ತದೆ, ಓದಿಕೊಳ್ರಿ.

ಬೆಳಗಾವಿಯ ಉದ್ಯಮಬಾಗದ ಕಡೆ ಬೀಡು ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗಳು ಬಹಳ. ಪಂಪು, ವಾಲ್ವು, ಗಾಡಿಯ ಭಾಗಗಳು ಇಲ್ಲಿ ಆಗ್ತಾವೆ. ನಮ್ಮ ಕಾಲೇಜಿಗೂ ಅವಕ್ಕೂ ಅರ್ಧ ತಾಸಿನ ದಾರಿ. ಆದರೂ ನಾನು ಎಷ್ಟೋ ವರ್ಷ ಮಕ್ಕಳಿಂದ ಕ್ಯುಪೋಲಾ ಫರ್ನೇಸಿನ, ಅಂದರೆ ಕೋಕ್ ಉರಿಸಿ ಕಬ್ಬಿಣ ಕರಗಿಸೋ ಹಳೆಯ ಕುಲುಮೆಯ, ಚಿತ್ರವನ್ನೇ ಬರೆಸಿದೆ. ಪರೀಕ್ಷೆಗೆ ಅದೇ ಬರ್ತಿತ್ತು. ಅಷ್ಟರಾಗ ಊರಿನ ಎಷ್ಟೋ ಫೌಂಡ್ರಿಗಳಲ್ಲಿ ಕರೆಂಟಿನಿಂದ ನಡೆಯೋ ಇಂಡಕ್ಷನ್ ಫರ್ನೇಸ್ ಬಂದು ಹಳತಾಗಿತ್ತು.

ನಮ್ಮ ಕಾಲೇಜಿಗೆ ಸ್ವಾಯತ್ತತೆ, ಅಂದರೆ ಪಠ್ಯಕ್ರಮ ತಾನೇ ಮಾಡಿಕೊಳ್ಳೋ ಅಧಿಕಾರ, ಬಂದಾಗ ಬೋರ್ಡ್ ಆಫ್ ಸ್ಟಡೀಸ್ ಮಾಡಬೇಕಾಯ್ತು. ವಿಷಯವಾರು ಪಠ್ಯಕ್ರಮ ಗೊತ್ತುಮಾಡುವ ಮಂಡಳಿ ಅದು. ಯುಜಿಸಿ ನಿಯಮದ ಪ್ರಕಾರ ಅದರಲ್ಲಿ ಉದ್ಯಮದ ಒಬ್ಬರು ಇರಲೇಬೇಕು. ಬಹಳ ಕಡೆ ಅವರು ವರ್ಷಕ್ಕೊಮ್ಮೆ ಬಂದು, ಚಹಾ ಕುಡಿದು, ಸಹಿ ಹಾಕಿ ಹೋಗ್ತಾರೆ. ನಮಗೆ ಸಿಕ್ಕವರು ಒಂದು ಫೌಂಡ್ರಿಯ ಕ್ವಾಲಿಟಿ ವಿಭಾಗದ ಮುಖ್ಯಸ್ಥರು. ಮೊದಲ ಮೀಟಿಂಗಿಗೇ ಗೋಣಿಚೀಲದಲ್ಲಿ ಒಂದು ರಿಜೆಕ್ಟ್ ಆದ ವಾಲ್ವ್ ಬಾಡಿ ತಂದು ಫೈಲುಗಳ ನಡುವೆ ಇಟ್ಟರು. "ಸರ್, ನಿಮ್ಮ ಹುಡುಗ್ರಿಗೆ ಬ್ಲೋಹೋಲ್ ಅಂದ್ರ ಏನಂತ ಬಾಯಿಪಾಠ ಬರ್ತದ. ಇದು ಯಾಕ ಆತು ಅಂತ ಕೇಳ್ರಿ, ಸುಮ್ಮ ನಿಂದರ್ತಾರ." ಬ್ಲೋಹೋಲ್ ಅಂದರೆ ಎರಕದ ಒಳಗೆ ಗ್ಯಾಸಿನಿಂದ ಆಗೋ ಗುಳ್ಳೆ. ನನಗೂ ಆ ಎರಕ ನೋಡಿ ಕಾರಣ ಹೇಳೋಕೆ ಆಗಲಿಲ್ಲ.

ಅಲ್ಲಿಂದ ಎಂಟು ತಿಂಗಳು, ಶನಿವಾರ ಶನಿವಾರ ಕೂತ್ವಿ. ಕಡೆಗೆ ಆಗಿದ್ದು ಒಂದೇ ಒಂದು ಎಲೆಕ್ಟಿವ್ (ಮಕ್ಕಳು ಆರಿಸಿಕೊಳ್ಳೋ ವಿಷಯ), 4 ಕ್ರೆಡಿಟ್. ನಾಲ್ಕು ವರ್ಷದ ಬಿಇಗೆ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಎಐಸಿಟಿಇ ಮಾದರಿ ಪಠ್ಯಕ್ರಮದಲ್ಲಿ ಇರೋದು 160 ಕ್ರೆಡಿಟ್, ಅದರಾಗ ನಾಲ್ಕು. ಆದರೆ ಆ ನಾಲ್ಕಕ್ಕೆ ಫೌಂಡ್ರಿಯವರು ಹಾಕಿದ್ದು ಏನು ಅನ್ನೋದು ಮುಖ್ಯ. ಅರ್ಧ ತರಗತಿ ಅವರ ಶಾಪ್‌ಫ್ಲೋರ್‌ನಲ್ಲೇ. ಮಕ್ಕಳಿಗೆ ಸೇಫ್ಟಿ ಶೂ, ಕನ್ನಡಕ ಅವರದೇ ಖರ್ಚು. ತಮ್ಮ ಒಬ್ಬ ಎಂಜಿನಿಯರನ್ನು ವಾರಕ್ಕೆ ಅರ್ಧ ದಿನ ನಮಗೆ ಬಿಟ್ಟುಕೊಟ್ಟರು. ಉತ್ಪಾದನೆ ನಡೆಯೋ ಜಾಗದಲ್ಲಿ ಅರ್ಧ ದಿನ ಅಂದರೆ ಸಣ್ಣ ಮಾತಲ್ಲ. ಇಂಟರ್ನಲ್ ಅಂಕಗಳಲ್ಲಿ ಅರ್ಧದಷ್ಟು ಅವರ ಸೂಪರ್‌ವೈಸರ್ ಕೊಡ್ತಿದ್ದರು. ಅದಕ್ಕೂ ಮೊದಲು ನಾನು ಮತ್ತು ನನ್ನ ಸಹೋದ್ಯೋಗಿ ಒಬ್ಬರು ಬೇಸಿಗೆ ರಜೆಯಲ್ಲಿ 30 ದಿನ ಅಲ್ಲಿ ನಿಂತು ಕಲಿತ್ವಿ. ಮೇಷ್ಟ್ರು ಕಲಿಯದ ಕೋರ್ಸು ಎರಡನೇ ವರ್ಷಕ್ಕೆ ಸಾಯ್ತದೆ, ಇದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಬ್ಯಾಚಿನಲ್ಲಿ ಗೋಕಾಕ ಕಡೆಯ ಒಬ್ಬಳು ಹುಡುಗಿ, ಖಾನಾಪುರದ ಒಬ್ಬ ಹುಡುಗ ಜೋಡಿಯಾಗಿದ್ದರು. ಹುಡುಗಿ ಫೌಂಡ್ರಿಯಲ್ಲಿ ಹೆಂಗ ಅಂತ ಮಾಲೀಕರು ಮೊದಲು ಹಿಂದೆ ಮುಂದೆ ನೋಡಿದರು. ಮೊದಲ ಪಾಳಿಯಲ್ಲಿ ಹಾಕಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಇವರಿಗೆ ಕೊಟ್ಟ ಕೆಲಸ ಅದೇ ವಾಲ್ವ್ ಬಾಡಿ. ಪಾಳಿ ಶುರುವಾದಾಗ ಎರಕ ಚೆನ್ನಾಗಿರ್ತಿತ್ತು, ಮಧ್ಯಾಹ್ನ ದಾಟಿದರೆ ರಿಜೆಕ್ಷನ್ ಏರ್ತಿತ್ತು. ಎಲ್ಲರೂ ಕೆಲಸಗಾರರು ದಣೀತಾರೆ ಅಂತಿದ್ದರು. ಈ ಇಬ್ಬರು ತಾಸಿಗೊಮ್ಮೆ ಮರಳಿನ ತೇವ, ಮರಳಿನ ಶಾಖ ಎರಡನ್ನೂ ಬರೆದಿಟ್ಟರು. ಅಚ್ಚು ಒಡೆದ ಮರಳು ಬೆಲ್ಟ್ ಮೇಲೆ ವಾಪಸ್ ಬಂದು ಮತ್ತೆ ಅಚ್ಚಿಗೆ ಹೋಗ್ತದಲ್ಲ, ಅದು ಬೆಳಿಗ್ಗೆ 35 ಡಿಗ್ರಿ ಆಸುಪಾಸು ಇದ್ದದ್ದು ಮೂರು ಗಂಟೆಗೆ 55 ದಾಟ್ತಿತ್ತು. ಬಿಸಿ ಮರಳಲ್ಲಿ ನೀರು ನಿಲ್ಲೋದಿಲ್ಲ. ಒಣಗ್ತದೆ ಅಂತ ಮಿಕ್ಸರ್‌ನವನು ಇನ್ನಷ್ಟು ನೀರು ಬಿಡ್ತಿದ್ದ. ಆ ಹಬೆ ತಣ್ಣಗಿನ ಪ್ಯಾಟರ್ನ್ (ಅಚ್ಚು ಒತ್ತೋ ಮಾದರಿ) ಮೇಲೆ ಹನಿಗಟ್ಟಿ ಅಚ್ಚಿನ ಮೈಗೆ ಹತ್ತಿಕೊಳ್ತಿತ್ತು. ಅದರ ಮೇಲೆ ಕರಗಿದ ಕಬ್ಬಿಣ ಹೊಯ್ದರೆ ನೀರು ಗ್ಯಾಸ್ ಆಗಿ, ಹೊರಬರೋ ದಾರಿ ಇಲ್ಲದೆ ಒಳಗೇ ಗುಳ್ಳೆ ಆಗ್ತದೆ. ಫೌಂಡ್ರಿ ಪುಸ್ತಕಗಳಲ್ಲಿ ಇದು ಬರೆದೇ ಇದೆ, ನಾನೂ ಓದಿದ್ದೆ. ಆದರೆ ಆ ಹುಡುಗಿ ತನ್ನ ಗ್ರಾಫ್ ತಂದು ನನ್ನ ಟೇಬಲ್ ಮೇಲೆ ಇಟ್ಟ ದಿನ ನನ್ನ ಕಣ್ಣು ತುಂಬಿತು. ಫೌಂಡ್ರಿಯವರು ಮರಳಿನ ಪ್ರಮಾಣ ಹೆಚ್ಚಿಸಿ, ಅದು ಆರೋಕೆ ಸಮಯ ಕೊಡೋ ಹಾಗೆ ವ್ಯವಸ್ಥೆ ಮಾಡಿಕೊಂಡರು.

ಇನ್ನೊಂದು ಮಾತು. ಕೋರ್ಸ್ ಮಾಡುವಾಗ ನಾನೇ ಒಂದು ಸಲಹೆ ಕೊಟ್ಟಿದ್ದೆ. ಹೀಟ್ ಟ್ರಾನ್ಸ್‌ಫರ್ (ಶಾಖ ಹರಿಯೋ ಬಗೆಯ ಮೂಲ ಪಾಠ) ಸ್ವಲ್ಪ ಕಡಿಮೆ ಮಾಡಿ, ಎರಕ ಹೇಗೆ ಆಗ್ತದೆ ಅಂತ ಕಂಪ್ಯೂಟರಿನಲ್ಲೇ ತೋರಿಸೋ ಸಿಮ್ಯುಲೇಶನ್ ಸಾಫ್ಟ್‌ವೇರ್ ಹಾಕೋಣ, ಉದ್ಯಮಕ್ಕೆ ಅದೇ ಬೇಕಲ್ಲ ಅಂದೆ. ಆ ಕ್ವಾಲಿಟಿಯವರು ಕೈ ಅಡ್ಡ ಹಿಡಿದರು. "ಸಾಫ್ಟ್‌ವೇರ್ ನಾನು ಆರು ವಾರದಾಗ ಕಲಸ್ತೇನ್ರಿ. ಹೀಟ್ ಟ್ರಾನ್ಸ್‌ಫರ್ ಕಲಸಾಕ ನನ್ನ ಕಡೆ ಟೈಮ್ ಇಲ್ಲ. ಅದನ್ನ ನೀವ ಕಲಿಸಿ ಕಳಸ್ರಿ." ಉದ್ಯಮಕ್ಕೆ ಬೇಕಾದ್ದು ಅಂತ ಹೇಳಿ ಗಣಿತ, ಮೂಲ ವಿಷಯ ಕತ್ತರಿಸುವ ಕೋರ್ಸ್ ಕಂಡಾಗೆಲ್ಲ ನನಗೆ ಈ ಮಾತು ನೆನಪಾಗ್ತದೆ.

ಈಗ ಎರಡನೆಯದು. ಕೆಲವು ವರ್ಷದ ನಂತರ ಒಂದು ದೊಡ್ಡ ಕಂಪನಿಯ ಹೆಸರಿನಲ್ಲಿ ಒಪ್ಪಂದ ಬಂತು. ಹಾಲ್‌ನಲ್ಲಿ ಸಮಾರಂಭ, ಫೋಟೊ, ಗಣ್ಯರು ಎಲ್ಲ ಆಯ್ತು. ಹೊಸ ಬ್ಯಾಚ್, ಹೆಚ್ಚುವರಿ ಫೀಸ್. ಪಾಠ ಶುರುವಾದ ಮೇಲೆ ಬಂದವರು ಆ ಕಂಪನಿಯವರಲ್ಲ, ಅದರ ಹೆಸರು ಬಳಸೋಕೆ ಪರವಾನಗಿ ಪಡೆದ ಒಂದು ತರಬೇತಿ ಏಜೆನ್ಸಿಯವರು. ಬಂದ ಹುಡುಗ ಹಿಂದಿನ ವರ್ಷ ಪಾಸಾದವನು. ಪರದೆ ಮೇಲಿನ ಸ್ಲೈಡ್ ಓದ್ತಿದ್ದ. ಉಳಿದದ್ದು ವಿಡಿಯೊ. ಆ ಕಂಪನಿಯ ಒಬ್ಬ ಎಂಜಿನಿಯರ್ ಕೂಡ ಮೂರು ವರ್ಷದಲ್ಲಿ ನಮ್ಮ ಒಬ್ಬ ವಿದ್ಯಾರ್ಥಿಯ ಹೆಸರು ತಿಳಿದುಕೊಳ್ಳಲಿಲ್ಲ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್ ಬಂತು. ಸಂದರ್ಶನದಲ್ಲಿ ಅದನ್ನು ಯಾರೂ ಕೇಳಲಿಲ್ಲ ಅಂತ ಮಕ್ಕಳೇ ಬಂದು ಹೇಳಿದರು. ಆ ಕೋರ್ಸಿನ ಅಂಕಪಟ್ಟಿಗೆ ವಿಭಾಗದ ಪರವಾಗಿ ನನ್ನ ಸಹಿ ಇದೆ. ಕೂಲಿ ಮಾಡಿ ಆ ಫೀಸ್ ಕಟ್ಟಿದ ತಂದೆಯೊಬ್ಬರು ನನಗೆ ಗೊತ್ತು. ಅವರ ಮುಖ ನೋಡೋದು ಇವತ್ತಿಗೂ ಕಷ್ಟ.

ಅದಕ್ಕೇ ಅಕ್ಕಾರ, ಆ ಕಾಲೇಜಿಗೆ ಇನ್ನೊಮ್ಮೆ ಹೋಗ್ರಿ. ಒಪ್ಪಂದದ ಪ್ರತಿ ತೋರಿಸ್ರಿ ಅನ್ರಿ. ಅದರ ಮೇಲೆ ಕಂಪನಿಯ ಸಹಿ ಇದೆಯೋ, ನಡುವಿನ ಏಜೆನ್ಸಿಯ ಸಹಿ ಇದೆಯೋ ನೋಡ್ರಿ. ಆಮೇಲೆ ಸಿಲಬಸ್ ಪುಸ್ತಕ ತೆಗೆಸಿ, ಕಂಪನಿ ಮಾಡಿದ್ದು ಅನ್ನೋ ವಿಷಯಕ್ಕೆ ಸಬ್ಜೆಕ್ಟ್ ಕೋಡ್, ಕ್ರೆಡಿಟ್ ಇದೆಯಾ ಕೇಳ್ರಿ. ಸ್ವಾಯತ್ತ ಅಲ್ಲದ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜಾದರೆ ಸಿಲಬಸ್ ವಿಟಿಯುದೇ. ಕಂಪನಿಯವರು ಇಡೀ ಕೋರ್ಸ್ ಮಾಡಿದ್ದಾರೆ ಅನ್ನೋ ಮಾತು ಅಲ್ಲಿ ನಿಲ್ಲೋದಿಲ್ಲ, ಅದು ಮೇಲಿನಿಂದ ಅಂಟಿಸಿದ ಸರ್ಟಿಫಿಕೇಟ್ ಕೋರ್ಸ್ ಅಷ್ಟೇ. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ಬ್ಯಾಚಿನ ಮೂರನೇ ವರ್ಷದ ಮಕ್ಕಳನ್ನು ಕ್ಯಾಂಟೀನ್ ಹತ್ತಿರ ನೀವೇ ಹುಡುಕಿ ಮಾತಾಡಿಸ್ರಿ. ಕಂಪನಿಯವರು ಯಾರು ಬರ್ತಾರೆ, ಎಷ್ಟು ಸಲ ಬಂದಿದ್ದಾರೆ, ಅವರ ಹೆಸರೇನು ಅಂತ ಕೇಳ್ರಿ. ಹೆಸರು ಹೇಳಿದರೆ ಅಲ್ಲಿ ಏನೋ ಇದೆ.

ಪೀಣ್ಯ ಟೂಲ್‌ರೂಂ:

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾನು ಬಿಇ ಅಲ್ಲ. ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್, ಅಂದ್ರೆ ಕಾರ್ಖಾನೆಯ ಅಚ್ಚು, ಉಪಕರಣ ಮಾಡೋ ಡಿಪ್ಲೊಮಾ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು. ಮೂರು ವರ್ಷ ಅಲ್ಲೇ ಓದು, ನಾಲ್ಕನೇ ವರ್ಷ ಪೂರ್ತಿ ಕಾರ್ಖಾನೆಯಲ್ಲಿ ತರಬೇತಿ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಕಬ್ಬಿಣದ ತುಂಡು ಕೊಟ್ಟು ಅರದಲ್ಲಿ ಉಜ್ಜಿ ಚೌಕ ಮಾಡು ಅಂತಾರೆ. ಅಂಗೈ ಬೊಬ್ಬೆ ಬರುತ್ತೆ. ಇದೆಲ್ಲ ಯಾಕೆ, ಮೆಷಿನ್ ಇದೆಯಲ್ಲ ಅನ್ಸುತ್ತೆ. ಇವತ್ತು ನನ್ನ ಶಾಪಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯೋ ವೈರ್‌ಕಟ್, ಇಡಿಎಂ ಮೆಷಿನ್ ಎಲ್ಲ ಇದೆ, ಆದರೆ ಮೋಲ್ಡ್ ಎರಡು ಭಾಗ ಕೂತಾಗ ಎಲ್ಲಿ ಬೆಳಕು ಬರ್ತಿದೆ ಅಂತ ನೋಡಿ ಕೈಯಿಟ್ಟು ಸರಿ ಮಾಡೋದು ಆ ಅರದ ದಿನಗಳಿಂದ ಬಂದದ್ದು.

ಅಲ್ಲಿನ ದೊಡ್ಡ ವಿಷಯ ಏನಂದ್ರೆ, ಆ ಟೂಲ್‌ರೂಂ ಹೊರಗಿನ ಕಂಪನಿಗಳ ನಿಜವಾದ ಆರ್ಡರ್ ತಗೊಳ್ಳುತ್ತೆ. ನಾವು ಕಲಿಯೋ ಮೆಷಿನ್ ಪಕ್ಕದಲ್ಲೇ ಗಿರಾಕಿಯ ಕೆಲಸ ಓಡ್ತಿರುತ್ತೆ. ತಪ್ಪಾದರೆ ಒಂದು ಬೆಲೆಬಾಳೋ ಸ್ಟೀಲ್ ಹಾಳು ಅನ್ನೋದು ವಿದ್ಯಾರ್ಥಿಗೂ ಗೊತ್ತಿರುತ್ತೆ. ಈಗ ನನ್ನ ಹತ್ತಿರ ಬಿಇ ಮುಗಿಸಿದ ಹುಡುಗರು ಕೆಲಸ ಕೇಳ್ಕೊಂಡು ಬರ್ತಾರೆ. ಬುದ್ಧಿವಂತರು. ಸೂಕ್ಷ್ಮ ಅಳತೆ ನೋಡೋ ವರ್ನಿಯರ್ ಕೊಟ್ಟರೆ ಅರ್ಧ ಜನ ಓದೋಕೆ ತಡವರಿಸ್ತಾರೆ. ಅವರ ತಪ್ಪಲ್ಲ ಅದು, ಯಾರೂ ಕೈಗೆ ಕೊಟ್ಟಿರಲ್ಲ.

ಅಮ್ಮ, ಕಾಂಟ್ಯಾಕ್ಟರ್ ಬಿಚ್ಚಿದ ಮಗಳು ಅಂದ್ರಲ್ಲ, ಅವಳನ್ನ ವಿಡಿಯೊ ಮುಂದೆ ಕೂರಿಸಬೇಡಿ. ಲ್ಯಾಬ್ ಇರೋ ಕಡೆ ಕಳಿಸಿ.

ಸ್ಟುಟ್‌ಗಾರ್ಟ್ ಶಿವಮೊಗ್ಗ:

ನಾನು ಜರ್ಮನಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ನಮ್ಮ ವಿಭಾಗಕ್ಕೆ ಇಲ್ಲಿನ ಡ್ಯುಯಲ್ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಬರ್ತಾರೆ, ಇಬ್ಬರಿಗೆ ನಾನೇ ಮಾರ್ಗದರ್ಶಿ ಆಗಿದ್ದೆ. ಈ ಪದ್ಧತಿ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 1974ರಲ್ಲಿ ಶುರುವಾಯಿತು. ಸ್ಟುಟ್‌ಗಾರ್ಟಿನ ಡೈಮ್ಲರ್, ಬಾಷ್‌ನಂಥ ಕಂಪನಿಗಳೇ ಮುಂದೆ ಬಂದು ಕಟ್ಟಿದ್ದು. 2009ರಲ್ಲಿ ಅದಕ್ಕೆ ಯೂನಿವರ್ಸಿಟಿ ಸ್ಥಾನ ಸಿಕ್ಕಿತು.

ಇಲ್ಲಿ ಕ್ರಮ ಉಲ್ಟಾ. ಹುಡುಗ ಮೊದಲು ಕಂಪನಿಗೆ ಅರ್ಜಿ ಹಾಕಬೇಕು. ಕಂಪನಿ ಆಯ್ಕೆ ಮಾಡಿ ಮೂರು ವರ್ಷದ ಕರಾರು ಬರೆದುಕೊಟ್ಟ ಮೇಲೇ ಯೂನಿವರ್ಸಿಟಿಯಲ್ಲಿ ಸೀಟು. ಸುಮಾರು ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ, ಹೀಗೇ ಮೂರು ವರ್ಷ. ಪ್ರತಿ ತಿಂಗಳೂ ಸಂಬಳ, ತರಗತಿಯ ತಿಂಗಳಲ್ಲೂ. ಸಂಬಳ ಕೊಡ್ತಿರೋದರಿಂದ ನಮ್ಮ ಮ್ಯಾನೇಜರ್ ನನ್ನನ್ನು ಕೇಳ್ತಾರೆ, ಈ ಹುಡುಗನಿಗೆ ಈ ಮೂರು ತಿಂಗಳಲ್ಲಿ ಏನು ಕಲಿಸಿದಿರಿ ಅಂತ. ಸುಮ್ಮನೆ ಕೂರಿಸೋಕೆ ಆಗಲ್ಲ. ಮೊದಲನೇ ಹುಡುಗಿ ಬಂದಾಗ ನನಗೆ ಕೆಲಸದ ಒತ್ತಡ, ಎರಡು ವಾರ ಅವಳಿಗೆ ಓದೋಕೆ ಕಾಗದ ಕೊಟ್ಟು ಬಿಟ್ಟಿದ್ದೆ. ಅದಕ್ಕೆ ನನಗೆ ಸರಿಯಾಗಿ ಕೇಳಿದರು, ಕೇಳಿದ್ದು ನ್ಯಾಯವೇ.

ಅಕ್ಕ, ಇದನ್ನ ಹೇಳಿದ್ದು ಯಾಕೆ ಅಂದ್ರೆ, ಇಲ್ಲಿ ದುಡ್ಡು ಕಂಪನಿಯಿಂದ ವಿದ್ಯಾರ್ಥಿಗೆ ಹೋಗುತ್ತೆ. ನಿಮಗೆ ಹೇಳಿರೋ ಕೋರ್ಸಲ್ಲಿ ದುಡ್ಡು ವಿದ್ಯಾರ್ಥಿಯಿಂದ ಹೋಗ್ತಿದೆ. ನಮ್ಮ ದೇಶದಲ್ಲೂ ಅಪ್ರೆಂಟಿಸ್ ಕಾಯ್ದೆ 1961ರಿಂದಲೇ ಇದೆ. 2019ರ ನಿಯಮದಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ಅಂತ ಇಟ್ಟರು. ಇಂಟರ್ನ್‌ಶಿಪ್‌ಗೆ ನೀವೇ ದುಡ್ಡು ಕಟ್ಟಿ ಅಂತ ಯಾರಾದರೂ ಅಂದರೆ ದಯವಿಟ್ಟು ಅಲ್ಲೇ ಎದ್ದು ಬನ್ನಿ.

ಕಲಬುರಗಿ ಐಟಿ:

ಮೇಷ್ಟ್ರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೇಲಿನಿಂದ ಅಂಟಿಸಿದ ಕೋರ್ಸ್ ಎಲ್ಲಾ ವ್ಯರ್ಥ ಅನ್ನೋ ಹಾಗೆ ಓದಿಸಿಕೊಳ್ತದೆ. ಇನ್ಫೋಸಿಸ್ 2004ರಲ್ಲಿ ಕ್ಯಾಂಪಸ್ ಕನೆಕ್ಟ್ ಅಂತ ಶುರು ಮಾಡಿತ್ತು. ನಮ್ಮ ಕಾಲೇಜಿಗೆ ಅದು ಬಂದಾಗ ಮೊದಲು ನಮ್ಮ ಮೇಡಂ ಒಬ್ಬರು ಹೋಗಿ ತರಬೇತಿ ತಗೊಂಡು ಬಂದರು, ಆಮೇಲೆ ಸಂಜೆ ಹೊತ್ತು ನಮಗೆ ಕಲಿಸಿದರು. ಕ್ರೆಡಿಟ್ ಇರಲಿಲ್ಲ, ಏನೂ ಇರಲಿಲ್ಲ. ಆದರೆ ಒಂದು ಪ್ರೋಗ್ರಾಂ ಬರೆದು, ಅದನ್ನ ಇನ್ನೊಬ್ಬನಿಂದ ಪರೀಕ್ಷೆ ಮಾಡಿಸೋದು ನಾನು ಮೊದಲು ಕಲಿತದ್ದು ಅಲ್ಲೇ. ಕನ್ನಡ ಮೀಡಿಯಂನಿಂದ ಬಂದ ನನಗೆ ಅದು ಬಹಳ ಧೈರ್ಯ ಕೊಟ್ಟಿತ್ತು.

ಫೌಂಡ್ರಿ ಮೇಷ್ಟ್ರು, ಬೆಳಗಾವಿ:

ಕಲಬುರಗಿಯವರು ಹೇಳಿದ್ದು ಖರೇ. ನಾನು ಬರೆದದ್ದು ಜಾಸ್ತಿ ಆಯ್ತು, ತಿದ್ದಿಕೊಳ್ತೇನೆ. ನಿಮ್ಮಲ್ಲಿ ಮೊದಲು ಮೇಡಂ ಕಲಿತರು, ಆಮೇಲೆ ನಿಮಗೆ ಕಲಿಸಿದರು. ಅದು ದೊಡ್ಡ ವ್ಯತ್ಯಾಸ. ಅಂಥ ಕೋರ್ಸು ಕ್ರೆಡಿಟ್ ಇಲ್ಲದಿದ್ದರೂ ಬೆಲೆಯುಳ್ಳದ್ದು.

ತಿಪಟೂರು ಅಮ್ಮ:

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ನಿನ್ನೆ ಬೆಳಿಗ್ಗೆ ಬಸ್ಸಿಗೆ ಹೋಗಿ ಬಂದ್ವಿ, ಮಗಳೂ ನಾನೂ. ಒಪ್ಪಂದದ ಪ್ರತಿ ಕೇಳಿದ್ದಕ್ಕೆ, ಅದು ಮ್ಯಾನೇಜ್‌ಮೆಂಟ್ ಹತ್ತಿರ ಇದೆ, ಪೋಷಕರಿಗೆ ತೋರಿಸಲ್ಲ ಅಂದ್ರು. ಸಿಲಬಸ್ ಪುಸ್ತಕದಲ್ಲಿ ಆ ಕಂಪನಿಯ ವಿಷಯ ಯಾವುದು ಅಂತ ಕೇಳಿದೆ. ಅಲ್ಲಿದ್ದ ಮೇಡಂ ಒಳ್ಳೆಯವರು. ಪುಸ್ತಕ ತಿರುವಿ ನೋಡಿ, "ಅದು ಇದರಲ್ಲಿ ಬರಲ್ಲಮ್ಮ, ಬೇರೆ ಸರ್ಟಿಫಿಕೇಟ್" ಅಂದ್ರು. ಕ್ಯಾಂಟೀನ್‌ನಲ್ಲಿ ಮಗಳು ಮೂರು ಜನ ಸೀನಿಯರ್ಸ್‌ನ ಮಾತಾಡಿಸಿದಳು. ಒಬ್ಬಳು ಹುಡುಗಿ ಕಂಪನಿಯವರು ಎರಡು ಸಲ ಆನ್‌ಲೈನ್‌ನಲ್ಲಿ ಬಂದಿದ್ರು ಅಂದಳು. ಹೆಸರು ಯಾರಿಗೂ ನೆನಪಿರಲಿಲ್ಲ.

ವಾಪಸ್ ಬರ್ತಾ ಮಗಳೇ ಹೇಳಿದಳು, ಹಾಸನವನ್ನೇ ಮೇಲೆ ಇರಿಸೋಣ ಅಂತ. ಕಂಪ್ಯೂಟರ್ ವಿಷಯ ಬೇಕಾದರೆ ಎನ್‌ಪಿಟಿಇಎಲ್ ಅನ್ನೋ ಐಐಟಿಗಳ ಆನ್‌ಲೈನ್ ತಾಣದಲ್ಲಿ ಪಾಠ ಪುಕ್ಕಟೆ ಇದೆ, ಪರೀಕ್ಷೆ ಬರೆಯೋದಿದ್ದರೆ ಮಾತ್ರ ಫೀಸ್ ಅಂತ ಯಾರೋ ಸ್ನೇಹಿತೆ ತೋರಿಸಿದ್ದಾಳಂತೆ. ಯಜಮಾನರು ಸರಿ ಅಂದ್ರು. ಸೇರಿಸೋ ಮುಂಚೆ ಹಾಸನಕ್ಕೂ ಒಮ್ಮೆ ಹೋಗಿ ಲ್ಯಾಬ್ ನೋಡೋಣ ಅಂತಿದ್ದೀವಿ. ಅಲ್ಲಿ ಏನು ನೋಡಬೇಕು ಮೇಷ್ಟ್ರೇ? ನನಗೆ ಆ ಮೆಷಿನ್‌ಗಳ ಹೆಸರೂ ಗೊತ್ತಿಲ್ಲ.

ಫೌಂಡ್ರಿ ಮೇಷ್ಟ್ರು, ಬೆಳಗಾವಿ:

ಹೆಸರು ಗೊತ್ತಿರಬೇಕಂತೇನಿಲ್ಲ ಅಕ್ಕಾರ. ಲ್ಯಾಬ್ ನಡೆಯೋ ವೇಳೆ ಕೇಳಿಕೊಂಡು, ಮಕ್ಕಳು ಒಳಗಿರುವಾಗ ಹೋಗ್ರಿ. ಒಂದು ಟೇಬಲ್ಲಿಗೆ ಎಷ್ಟು ಮಂದಿ ನಿಂತಿದ್ದಾರೆ ಎಣಿಸ್ರಿ. ಹಸಿರು ಗೆರೆ ಓಡೋ ಸಣ್ಣ ಪರದೆಯ ಪೆಟ್ಟಿಗೆ ಇರ್ತಾವೆ, ಆಸಿಲೋಸ್ಕೋಪ್ ಅಂತ. ಅವುಗಳ ಗುಂಡಿ ಮೇಲಿನ ಅಕ್ಷರ ಬೆರಳು ತಾಗಿ ಮಾಸಿದ್ದರೆ ಒಳ್ಳೆಯದು. ಮಗಳ ಕೈಲಿ ಆ ಸುಟ್ಟ ಕಾಂಟ್ಯಾಕ್ಟರ್ ಕೊಟ್ಟು ಕಳಸ್ರಿ, ಲ್ಯಾಬಿನ ಇನ್‌ಸ್ಟ್ರಕ್ಟರ್‌ಗೆ ತೋರಿಸಿ ಯಾಕೆ ಸುಟ್ಟಿತು ಅಂತ ಕೇಳಲಿ. ಅವರು ಅದನ್ನ ಕೈಗೆ ತಗೊಂಡು ಬಿಚ್ಚೋಕೆ ಶುರು ಮಾಡಿದರೆ ನಿಶ್ಚಿಂತೆಯಿಂದ ಸೇರಿಸ್ರಿ. ಹೋಗಿ ಬಂದ ಮೇಲೆ ಇಲ್ಲಿ ಬರೀರಿ, ಕಾಯ್ತಿರ್ತೇನೆ.